ಅಪ್ಪನ ಕರುಳಿನ ಕ್ಯಾನ್ಸರ್: ಮಂಗಳೂರೋ, ತಲಶ್ಶೇರಿಯೋ, ಬೆಂಗಳೂರೋ?

ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ರಿಪೋರ್ಟ್ ಬಂದ ದಿನ ಸಂಜೆ ನಮ್ಮ ಜಗಲಿಯಲ್ಲಿ ಹನ್ನೊಂದು ಜನ ಕೂತಿದ್ದರು. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಧ್ಯದ ಮನೆ. ನಾನು ಬೆಳಿಗ್ಗೆಯಷ್ಟೇ ಬೆಂಗಳೂರಿನಿಂದ ಬಂದಿಳಿದಿದ್ದೆ. ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಊರು. ಚಿಕ್ಕಪ್ಪ ಮಂಗಳೂರು ಅಂದರು. ಭಾವ ತಲಶ್ಶೇರಿ ಅಂದರು. ನಾನು ಬೆಂಗಳೂರಿಗೇ ಕರೆದುಕೊಂಡು ಹೋಗುತ್ತೇನೆ ಅಂತ ಹಟ ಹಿಡಿದೆ. ಅಪ್ಪ ಒಂದೇ ಮಾತು ಹೇಳಿದರು: "ಎಲ್ಲಿಗಾದರೂ ಸರಿ ಮಗಾ, ರಾತ್ರಿಗೆ ಮನೆಗೆ ಬರುವ ಹಾಗಿರಬೇಕು."

ಆ ಮಾತಿಗೆ ಅಂದು ಯಾರೂ ಬೆಲೆ ಕೊಡಲಿಲ್ಲ. ಎಂಟು ತಿಂಗಳ ಓಡಾಟ ಆದ ಮೇಲೆ ಹೇಳುತ್ತಿದ್ದೇನೆ, ಅವತ್ತು ಜಗಲಿಯಲ್ಲಿ ಸರಿಯಾದ ಅಳತೆಗೋಲು ಇದ್ದದ್ದು ಅಪ್ಪನ ಹತ್ತಿರ ಮಾತ್ರ. ಕಾಸರಗೋಡು, ಮಂಜೇಶ್ವರ ಕಡೆಯ ಮಕ್ಕಳಿಗೆ ಇದೇ ಪ್ರಶ್ನೆ ಎದುರಾದರೆ ಉಪಯೋಗಕ್ಕೆ ಬರಲಿ ಅಂತ ನಮಗೆ ಗೊತ್ತಾದದ್ದನ್ನು ಬರೆದಿಡುತ್ತೇನೆ. ಒಂದು ಎಚ್ಚರಿಕೆ ಮೊದಲೇ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ ವಾಂತಿ ಶುರುವಾದರೆ, ಅಥವಾ ರಕ್ತ ಜಾಸ್ತಿ ಹೋದರೆ, ಹೋಲಿಕೆ ಮಾಡುತ್ತಾ ಕೂರಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ.

ಎಷ್ಟು ಸಲ ಹೋಗಬೇಕು?

ನಾವೆಲ್ಲ "ಯಾವ ಆಸ್ಪತ್ರೆ ದೊಡ್ಡದು" ಅಂತ ಕೇಳುತ್ತೇವೆ. ಅದಕ್ಕಿಂತ ಮೊದಲು "ಎಷ್ಟು ಸಲ ಹೋಗಬೇಕು" ಅಂತ ಕೇಳಬೇಕು. ಅದಕ್ಕೆ ಉತ್ತರ ಸ್ಟೇಜಿನಲ್ಲಿದೆ, ಅಂದರೆ ಕ್ಯಾನ್ಸರ್ ಎಷ್ಟು ಹರಡಿದೆ ಅನ್ನುವುದರಲ್ಲಿ.

ಒಂದನೇ ಸ್ಟೇಜಾದರೆ ಸಾಮಾನ್ಯವಾಗಿ ಆಪರೇಷನ್ ಸಾಕು. ಎರಡರಲ್ಲಿ ಕೆಲವರಿಗೆ ಕೀಮೋ ಬೇಕಾಗುತ್ತದೆ. ಮೂರರಲ್ಲಿ ಆಪರೇಷನ್ ಆದ ಮೇಲೆ ಮೂರರಿಂದ ಆರು ತಿಂಗಳು ಕೀಮೋ ಇರುತ್ತದೆ. ನಾಲ್ಕರಲ್ಲಿ ಕೀಮೋ, ಬೇರೆ ಔಷಧಿಗಳು, ಕೆಲವೊಮ್ಮೆ ಲಿವರಿನ ಆಪರೇಷನ್, ಹೀಗೆ ದಾರಿ ಉದ್ದ. ಗಡ್ಡೆ ಗುದದ್ವಾರಕ್ಕೆ ಹತ್ತಿರದ ಭಾಗದಲ್ಲಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಎಷ್ಟೋ ಸಲ ಆಪರೇಷನ್ನಿಗೆ ಮೊದಲೇ ರೇಡಿಯೇಶನ್ ಕೊಡುತ್ತಾರೆ. ಅದು ಕೆಲವರಿಗೆ ವಾರಕ್ಕೆ ಐದು ದಿನದಂತೆ ಐದು ವಾರ ನಡೆಯುತ್ತದೆ. ಹಾಗಿದ್ದರೆ ಆ ಊರಲ್ಲೇ ಉಳಿಯುವ ವ್ಯವಸ್ಥೆ ಬೇಕು.

ಅಪ್ಪನದ್ದು ಮೂರನೇ ಸ್ಟೇಜು. ಆಪರೇಷನ್ ಒಂದು ಸಲ, ಒಂದು ವಾರ ಆಸ್ಪತ್ರೆ. ಆಮೇಲೆ ಮೂರು ವಾರಕ್ಕೊಂದರಂತೆ ಎಂಟು ಕೀಮೋ. ಅದಾದ ಮೇಲೆ ಐದು ವರ್ಷ ಸಿಇಎ (ಕ್ಯಾನ್ಸರ್ ಮರಳಿದೆಯಾ ಅಂತ ನೋಡುವ) ರಕ್ತ ಪರೀಕ್ಷೆ, ಸ್ಕ್ಯಾನ್, ಒಂದು ವರ್ಷ ಆದಾಗ ಕೊಲೊನೋಸ್ಕೋಪಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಬಿಟ್ಟು ಕರುಳು ನೋಡುವುದು. ಒಂದು ಕಾಗದದಲ್ಲಿ ಬರೆದು ನೋಡಿದೆ. ಆಪರೇಷನ್ನಿಗೆ ಹೋಗುವುದು ಒಂದು ಸಲ, ಮಿಕ್ಕದ್ದಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಲ. ಜಗಲಿಯಲ್ಲಿ ನಾವೆಲ್ಲ ಆ ಒಂದು ಸಲದ ಬಗ್ಗೆ ಮಾತ್ರ ಜಗಳಾಡಿದ್ದೆವು.

ಆದ್ದರಿಂದ ಎರಡನ್ನೂ ಬೇರೆ ಬೇರೆ ಮಾಡಿ ಯೋಚಿಸಿ. ಆಪರೇಷನ್ನಿಗೆ ಕೈ ಪಳಗಿದ ಸರ್ಜನ್ ಮುಖ್ಯ, ಸ್ವಲ್ಪ ದೂರವಾದರೂ ತೊಂದರೆ ಇಲ್ಲ. ಕೀಮೋಗೆ ಹತ್ತಿರ ಮುಖ್ಯ. ಎರಡೂ ಒಂದೇ ಕಡೆ ಆಗಲೇಬೇಕು ಅಂತ ಏನಿಲ್ಲ. ಬಯಾಪ್ಸಿಯ ಸ್ಲೈಡು, ಬ್ಲಾಕು, ಸ್ಕ್ಯಾನಿನ ಸಿ.ಡಿ., ಡಿಸ್ಚಾರ್ಜ್ ಸಮ್ಮರಿ ನಿಮ್ಮ ಕೈಯಲ್ಲಿದ್ದರೆ ಇನ್ನೊಂದು ಕಡೆ ಮುಂದುವರಿಸಬಹುದು. ಆದರೆ ಆಪರೇಷನ್ ಆಗಿ ಎಂಟು ವಾರದ ಒಳಗೆ ಕೀಮೋ ಶುರುವಾಗಬೇಕು. ಅದಕ್ಕಿಂತ ತಡವಾದಷ್ಟೂ ಪ್ರಯೋಜನ ಕಡಿಮೆ. ಅಷ್ಟರೊಳಗೆ ಎರಡನೇ ಜಾಗದ ಡಾಕ್ಟರನ್ನು ಕಂಡು ಮುಗಿಸಿ.

ಮಂಗಳೂರು

ನಮ್ಮ ಕಡೆಯವರಿಗೆ ಆಸ್ಪತ್ರೆ ಅಂದರೆ ಮಂಗಳೂರು. ಕಾಸರಗೋಡು ಪೇಟೆಯಿಂದ 50 ಕಿಲೋಮೀಟರ್ ಸುಮಾರು. ಗಡಿಯ ತಲಪಾಡಿ ದಾಟಿ ದೇರಳಕಟ್ಟೆಗೆ ಹೋದರೆ ಮೆಡಿಕಲ್ ಕಾಲೇಜುಗಳಿವೆ. ನಗರದೊಳಗೆ ಇನ್ನೂ ಹಲವು. ಸರ್ಜನ್, ಕೀಮೋ ಡಾಕ್ಟರ್, ರೇಡಿಯೇಶನ್, ಸ್ಕ್ಯಾನ್ ಎಲ್ಲ ಒಂದೇ ಕಾಂಪೌಂಡಿನೊಳಗೆ ಸಿಗುವ ಜಾಗಗಳಿವೆ. ಬೆಳಿಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರಬಹುದು.

ಮಂಗಳೂರಿನ ಇನ್ನೊಂದು ದೊಡ್ಡ ಲಾಭ ಭಾಷೆಯದ್ದು, ಅದನ್ನು ಎಷ್ಟು ಹೇಳಿದರೂ ಕಡಿಮೆಯೇ. ಭಾಷೆ ಬಾರದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮದೇ ಅನುಭವ ಇದೆ. ಮೂರನೇ ಕೀಮೋ ಹೊತ್ತಿಗೆ ಅಪ್ಪನ ಬೆರಳ ತುದಿಯಲ್ಲಿ ಜುಮು ಜುಮು ಶುರುವಾಗಿತ್ತು. ಆ ದಿನ ನಾನೂ ತಮ್ಮನೂ ಜೊತೆಗಿರಲಿಲ್ಲ. ಅಲ್ಲಿದ್ದ ನರ್ಸಿಗೆ ಮಲಯಾಳ ಮಾತ್ರ ಗೊತ್ತು. "ವೇದನ ಉಂಡೋ?" ಅಂತ, ಅಂದರೆ ನೋವಿದೆಯಾ ಅಂತ, ಕೇಳಿದರಂತೆ. ಅಪ್ಪನಿಗೆ ಪ್ರಶ್ನೆ ಅರ್ಥವಾಯಿತು. ಆದರೆ ಜುಮ್ಮೆನ್ನುವುದನ್ನು, ತಣ್ಣೀರು ಮುಟ್ಟಿದರೆ ಕರೆಂಟು ಹೊಡೆದ ಹಾಗಾಗುವುದನ್ನು ಮಲಯಾಳದಲ್ಲಿ ಹೇಳಲು ಬರಲಿಲ್ಲ. ಅವರಿಗೆ ಗೊತ್ತಿದ್ದ ನಾಲ್ಕು ಮಾತಿನಲ್ಲಿ "ಸಾರಮಿಲ್ಲ" (ಪರವಾಗಿಲ್ಲ) ಒಂದು. ಅದನ್ನೇ ಹೇಳಿದರು. ತೊಂದರೆ ಏನೂ ಇಲ್ಲ ಅಂತ ಫೈಲಿನಲ್ಲಿ ಬರೆದುಕೊಂಡರು. ಔಷಧಿಯ ಪ್ರಮಾಣ ಇಳಿಸಬೇಕಾಗಿದ್ದದ್ದು ಮುಂದಿನ ಸಲಕ್ಕೆ ಹೋಯಿತು. ಆ ಜುಮ್ಮು ಇವತ್ತಿಗೂ ಅವರ ಕಾಲಿನಲ್ಲಿ ಸ್ವಲ್ಪ ಉಳಿದಿದೆ.

ಮಂಗಳೂರಿನಲ್ಲೂ ಕೇರಳದ ನರ್ಸುಗಳು ತುಂಬಾ ಇದ್ದಾರೆ. ಗಡಿಯ ಈಚೆ ನಮ್ಮ ಜಿಲ್ಲೆಯ ಕಾಞಂಗಾಡಿನಲ್ಲಿ ತುಳು, ಕನ್ನಡ ಬರುವವರು ಸಿಗುವುದೂ ಉಂಟು. ಹಾಗಾಗಿ ಗಡಿ ನೋಡಿ ಭಾಷೆ ತೀರ್ಮಾನಿಸಬೇಡಿ. ನಿಮ್ಮ ಅಪ್ಪನೋ ಅಮ್ಮನೋ ತಮ್ಮ ನೋವನ್ನು ಯಾವ ಭಾಷೆಯಲ್ಲಿ ಪೂರ್ತಿ ಹೇಳಬಲ್ಲರು, ಅದನ್ನು ಕೇಳಿಸಿಕೊಳ್ಳುವವರು ವಾರ್ಡಿನಲ್ಲಿ ಇದ್ದಾರಾ, ಇಷ್ಟು ನೋಡಿ. "ಬೇನೆ ಉಂಡಾ ಅಣ್ಣಾ?" ಅಂತ ಯಾರಾದರೂ ತುಳುವಿನಲ್ಲಿ ಕೇಳಿದರೆ ಅಪ್ಪ ಹತ್ತು ನಿಮಿಷ ಮಾತಾಡುತ್ತಾರೆ.

ಮಂಗಳೂರಿನ ಕಷ್ಟ ದುಡ್ಡಿನದ್ದು. ಕೇರಳದ ರೇಷನ್ ಕಾರ್ಡು ಇರುವ ನಮಗೆ ಕರ್ನಾಟಕ ಸರ್ಕಾರದ ಆರೋಗ್ಯ ಯೋಜನೆ ಸಿಗುವುದಿಲ್ಲ. ಕನ್ನಡಿಗರು ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ವಿಳಾಸ ಬರುತ್ತದೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆ ಕಾರ್ಡು ಕೇಂದ್ರದ ಆಯುಷ್ಮಾನ್ ಪಟ್ಟಿಗೂ ಸೇರಿದ್ದರೆ ಹೊರರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯಬಹುದು. ಆದರೆ ಎಲ್ಲ ಕಾರ್ಡೂ ಹಾಗಲ್ಲ. ಅಡ್ಮಿಟ್ ಆಗುವ ಮೊದಲೇ ಆ ಆಸ್ಪತ್ರೆಯ ಆಯುಷ್ಮಾನ್ ಕೌಂಟರಿಗೆ ಕಾರ್ಡಿನ ಪ್ರತಿ ತೋರಿಸಿ, "ಈ ಆಪರೇಷನ್ನಿಗೆ ಈ ಕಾರ್ಡು ನಡೆಯುತ್ತದಾ" ಅಂತ ಕೇಳಿ. ಹೆಸರಿನ ಅಕ್ಷರಗಳನ್ನೂ ನೋಡಿಕೊಳ್ಳಿ. ಅಪ್ಪನ ಹೆಸರು ಆಧಾರಿನಲ್ಲಿ ಒಂದು ಥರ, ರೇಷನ್ ಕಾರ್ಡಿನಲ್ಲಿ ಮಲಯಾಳದಿಂದ ಬಂದ ಇನ್ನೊಂದು ಥರ. ಗಡಿನಾಡಿನ ಅರ್ಧ ಮನೆಗಳಲ್ಲಿ ಇದೇ ಕಥೆ ಅಲ್ವಾ?

ನಮಗೆ ಕಾರುಣ್ಯ ಕಾರ್ಡು ಇರಲಿಲ್ಲ. ನನ್ನ ಕಂಪನಿಯ ವಿಮೆಯಲ್ಲಿ ಅಪ್ಪ, ಅಮ್ಮ ಇದ್ದರು, ಅದರಿಂದ ಆಪರೇಷನ್ ಆಯಿತು. ವಿಮೆ ಇರುವವರು ಗಮನಿಸಿ: ಕೀಮೋ ಮಾತ್ರೆಯನ್ನು ವಿಮೆಯಿಂದ ಹೊರಗಿಡುವಂತಿಲ್ಲ ಅಂತ ವಿಮಾ ನಿಯಂತ್ರಕರು 2019ರಲ್ಲಿ ನಿಯಮ ಮಾಡಿದ್ದಾರೆ. ಮಿತಿ ಹಾಕಬಹುದು, ಆದರೆ ಪೂರ್ತಿ ಇಲ್ಲ ಅನ್ನುವ ಹಾಗಿಲ್ಲ. ಮೊದಲ ಸಲ ನನಗೆ ಇಲ್ಲ ಅಂದಿದ್ದರು. ಈ ನಿಯಮ ತೋರಿಸಿ ಬರೆದ ಮೇಲೆ ದುಡ್ಡು ಬಂತು.

2020ರ ಮಾರ್ಚ್ ನೆನಪಿದೆಯಲ್ಲ. ಲಾಕ್‌ಡೌನಿನಲ್ಲಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ಈಚೆ ಉಳಿದುಬಿಟ್ಟರು. ಜೀವಗಳು ಹೋದವು. ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಅಂಥದ್ದು ಮತ್ತೆ ಬರದಿರಲಿ. ಆದರೂ ಮಂಗಳೂರಿನಲ್ಲಿ ಚಿಕಿತ್ಸೆ ಮಾಡಿಸುವವರು ಗಡಿಯ ಈಚೆ ಒಂದು ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಫೈಲಿನ ಪ್ರತಿ ಇಟ್ಟುಕೊಳ್ಳುವುದು ಒಳ್ಳೆಯದು.

ತಲಶ್ಶೇರಿ

ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಕೇರಳ ಸರ್ಕಾರದ ಕೆಳಗಿನ ಸ್ವಾಯತ್ತ ಸಂಸ್ಥೆ. ಕ್ಯಾನ್ಸರಿಗಾಗಿಯೇ ಇರುವ ಜಾಗ. ಕಾಸರಗೋಡಿನಿಂದ ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ರೈಲು ನೇರ ಇದೆ, ಅದು ದೊಡ್ಡ ಅನುಕೂಲ. ಕೇರಳದ ಯೋಜನೆಗಳು ಗೊಂದಲವಿಲ್ಲದೆ ನಡೆಯುವುದು ಇಂಥ ಕಡೆ. ಕಾರುಣ್ಯ ಕಾರ್ಡು ಇದ್ದು, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ನಾನು ಯೋಚನೆಯೇ ಮಾಡದೆ ತಲಶ್ಶೇರಿ ಅನ್ನುತ್ತೇನೆ. ಮಂಗಳೂರಿಗಾಗಿ ತೋಟ ಅಡವಿಡಬೇಡಿ. ಆ ಕಾರ್ಡು ಇಲ್ಲದೆ, ವರ್ಷದ ಆದಾಯ 3 ಲಕ್ಷಕ್ಕಿಂತ ಕಡಿಮೆ ಇರುವವರಿಗೆ ಕಾರುಣ್ಯ ಬೆನೆವೊಲೆಂಟ್ ಫಂಡ್ ಇದೆ. ಅದನ್ನೂ ಅಲ್ಲೇ ವಿಚಾರಿಸಿ.

ಕಷ್ಟ ಎರಡು. ಜನ ಜಾಸ್ತಿ, ಕಾಯಬೇಕು. ದಿನವಿಡೀ ಕೂತು, ಕೀಮೋ ಮುಗಿಸಿ, ವಾಂತಿ ಬರುವ ಹೊತ್ತಿನಲ್ಲಿ ರೈಲು ಹತ್ತಬೇಕು. ಇನ್ನೊಂದು ಮಾತು. ಮಲಯಾಳ ಬರುವ ಒಬ್ಬರು ಪ್ರತಿ ಸಲ ಜೊತೆಗಿರಬೇಕು. ನಮ್ಮ ಮನೆಯಲ್ಲಿ ತಮ್ಮನ ಮಗನಿಗೆ ಮಲಯಾಳ ಚೆನ್ನಾಗಿ ಬರುತ್ತದೆ. ಅಂಥವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ಅವರಿಗೆ ಮೊದಲೇ ಕಾಯಿಲೆಯ ವಿವರ ಹೇಳಿಕೊಡಿ.

ರೈಲಿನಲ್ಲಿ ಹೋಗುವವರು ರಿಯಾಯಿತಿ ಬಿಡಬೇಡಿ. ಆಸ್ಪತ್ರೆಯಿಂದ ಫಾರಂ ತಂದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಪೂರ್ತಿ ಟಿಕೆಟ್ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇಕಡಾ 75. ಸೆಕೆಂಡ್ ಕ್ಲಾಸಿನಲ್ಲಿ ಇಬ್ಬರಿಗೂ 75.

ತಿರುವನಂತಪುರದ ಆರ್.ಸಿ.ಸಿ. (ರೀಜನಲ್ ಕ್ಯಾನ್ಸರ್ ಸೆಂಟರ್) 1981ರಿಂದ ಇರುವ ಹೆಸರುವಾಸಿ ಕೇಂದ್ರ. ಆದರೆ ನಮ್ಮಿಂದ 550 ಕಿಲೋಮೀಟರಿಗೂ ಮೇಲೆ. ಕಷ್ಟದ ಕೇಸಾದರೆ ಎರಡನೇ ಅಭಿಪ್ರಾಯಕ್ಕೆ ಒಮ್ಮೆ ಹೋಗಿ ಬನ್ನಿ. ಎಂಟು ಕೀಮೋಗೆ ಆ ದೂರ ಬೇಡ.

ಬೆಂಗಳೂರು, ಅಂದರೆ ನನ್ನ ಹಟ

ಹೊರಗೆ ಕೆಲಸ ಮಾಡುವ ಮಕ್ಕಳೆಲ್ಲ ಇದನ್ನು ಮೊದಲು ಯೋಚಿಸುತ್ತೇವೆ. ನನ್ನ ಹತ್ತಿರ ಇದ್ದರೆ ನಾನು ನೋಡಿಕೊಳ್ಳಬಹುದು, ರಜೆ ಹಾಕಬೇಕಾಗಿಲ್ಲ. 1973ರಿಂದ ಇರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ಭಾಷೆಯ ತೊಂದರೆ ಇಲ್ಲ.

ನಿಜಕ್ಕೂ ಕೆಲವರಿಗೆ ಇದೇ ಸರಿ. ಊರಲ್ಲಿ ಒಬ್ಬರೇ ಇರುವ ತಾಯಿ, ರೇಡಿಯೇಶನ್ನಿಗೆ ದಿನಾ ಹೋಗಬೇಕಾದವರು, ನಾಲ್ಕನೇ ಸ್ಟೇಜಿನಲ್ಲಿ ಬೇರೆ ಕಡೆ ಸಿಗದ ಚಿಕಿತ್ಸೆ ಬೇಕಾದವರು, ಇವರಿಗೆಲ್ಲ ಮಗನ ಅಥವಾ ಮಗಳ ಊರೇ ಒಳ್ಳೆಯದು. ಕೇರಳದ ವಿಳಾಸದವರಿಗೆ ಇಲ್ಲೂ ಕರ್ನಾಟಕದ ಯೋಜನೆ ಇಲ್ಲ ಅನ್ನುವುದು ನೆನಪಿರಲಿ.

ಆದರೆ ಅಪ್ಪನನ್ನು ಹದಿನೈದು ದಿನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಇಟ್ಟುಕೊಂಡ ಮೇಲೆ ನನ್ನ ಮನಸ್ಸು ಬದಲಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ಕಿಟಕಿಯ ಹತ್ತಿರ ಕೂರುತ್ತಿದ್ದರು. ನಾನು ಕೆಲಸಕ್ಕೆ ಹೋದರೆ ಸಂಜೆಯವರೆಗೆ ಮಾತಿಲ್ಲ. ಫೋನಿನಲ್ಲಿ ತಮ್ಮನ ಹತ್ತಿರ "ಮದ್ದು ಬಿಟ್ಟಾಯಿತಾ, ಕೊಳೆರೋಗ ಬಂದಿದೆಯಾ" ಅಂತ ಕೇಳುವುದೊಂದೇ. ಊಟ ಕಡಿಮೆಯಾಯಿತು. ಎರಡು ಕಿಲೋ ಇಳಿದರು. ಊರಿಗೆ ಮರಳಿದ ದಿನ ಕುಚ್ಚಲಕ್ಕಿ ಗಂಜಿಯನ್ನು ಎರಡು ಸಲ ಹಾಕಿಸಿಕೊಂಡರು. ನಾನು ನೋಡಿಕೊಳ್ಳುವುದು ಬೇರೆ, ಅವರು ಚೆನ್ನಾಗಿರುವುದು ಬೇರೆ ಅಂತ ಅವತ್ತು ಗೊತ್ತಾಯಿತು. ಅದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ರಾತ್ರಿ ಅತ್ತಿದ್ದೇನೆ.

ಕೀಮೋ: ಪಂಪೋ, ಮಾತ್ರೆಯೋ

ಈ ಆಯ್ಕೆಯನ್ನು ಡಾಕ್ಟರ್ ಹೇಳುತ್ತಾರೆ. ಆದರೆ ಕೇಳಿದರೆ ಮಾತ್ರ ವಿವರಿಸುತ್ತಾರೆ. ಹಾಗಾಗಿ ಕೇಳಿ.

ಒಂದು ವಿಧ ಫಾಲ್ಫಾಕ್ಸ್. ಎರಡು ವಾರಕ್ಕೊಮ್ಮೆ. ಎದೆಯ ಹತ್ತಿರ ಚರ್ಮದ ಕೆಳಗೆ ಒಂದು ಪೋರ್ಟ್ ಇಡುತ್ತಾರೆ, ಅದಕ್ಕೆ ಚಿಕ್ಕ ಪಂಪ್ ಜೋಡಿಸಿ 46 ಗಂಟೆ ಔಷಧಿ ಹೋಗುತ್ತದೆ. ಪಂಪ್ ಹಾಕಿಕೊಂಡು ಮನೆಗೆ ಬರಬಹುದು, ಆದರೆ ತೆಗೆಸಲು ಮತ್ತೆ ಹೋಗಬೇಕು. ಇನ್ನೊಂದು ಕೇಪಾಕ್ಸ್. ಮೂರು ವಾರಕ್ಕೊಮ್ಮೆ ಆಕ್ಸಾಲಿಪ್ಲಾಟಿನ್ ಡ್ರಿಪ್ಪು, ಆಮೇಲೆ ಮನೆಯಲ್ಲೇ ಹದಿನಾಲ್ಕು ದಿನ ಕ್ಯಾಪೆಸಿಟಬಿನ್ ಮಾತ್ರೆ, ಒಂದು ವಾರ ಬಿಡುವು. ದೂರದವರಿಗೆ ಓಡಾಟ ಕಡಿಮೆ. ಮೂರನೇ ಸ್ಟೇಜಿನಲ್ಲೂ ಅಪಾಯ ಕಡಿಮೆ ಇರುವವರಿಗೆ ಕೇಪಾಕ್ಸ್ ಮೂರು ತಿಂಗಳು ಕೊಟ್ಟರೆ ಸಾಕಾಗಬಹುದು ಅಂತ ದೊಡ್ಡ ಅಧ್ಯಯನಗಳು ತೋರಿಸಿವೆ. "ನಮಗೆ ಮೂರು ತಿಂಗಳಾ, ಆರಾ?" ಅಂತ ಕೇಳಲೇಬೇಕು. ಬೆರಳಿನ ಜುಮ್ಮು ಉಳಿದುಬಿಡುವ ಸಾಧ್ಯತೆ ಆರು ತಿಂಗಳಲ್ಲಿ ಬಹಳ ಜಾಸ್ತಿ.

ಮಾತ್ರೆ ಅಂದರೆ ಸುಲಭ ಅಂದುಕೊಳ್ಳಬೇಡಿ. ಬೆಳಿಗ್ಗೆ, ರಾತ್ರಿ ಊಟವಾದ ಅರ್ಧ ಗಂಟೆಯೊಳಗೆ ತಪ್ಪದೆ ತಿನ್ನಬೇಕು. ಮರೆವು ಇರುವವರಿಗೆ, ಲೆಕ್ಕ ಇಡುವವರು ಇಲ್ಲದ ಮನೆಗೆ ಪಂಪೇ ಒಳ್ಳೆಯದು. ವಾರ್ಫರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ) ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಮೊದಲೇ ಹೇಳಬೇಕು. ಮಾತ್ರೆಯಿಂದ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುತ್ತದೆ. ಅಪ್ಪ ಬರಿಗಾಲಲ್ಲಿ ತೋಟ ಸುತ್ತುವುದು, ಅಡಿಕೆ ಸುಲಿಯುವುದು ನಿಲ್ಲಿಸಬೇಕಾಯಿತು. ಡ್ರಿಪ್ಪಿನ ಔಷಧಿಗೆ ತಣ್ಣಗಿನದ್ದು ಆಗುವುದಿಲ್ಲ. ಫ್ರಿಜ್ಜಿನ ಬೊಂಡ (ಎಳನೀರು) ಕುಡಿದರೆ ಗಂಟಲು ಹಿಡಿದ ಹಾಗಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಅಮ್ಮ ಕೈ ತೊಳೆಯುವುದಕ್ಕೂ ಬಚ್ಚಲ ಹಂಡೆಯ ಬಿಸಿನೀರು ಇಡುತ್ತಿದ್ದರು. ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿ ಎರಡಾದರೂ ಆಸ್ಪತ್ರೆಗೆ ಹೊರಡಬೇಕು. ದಿನಕ್ಕೆ ನಾಲ್ಕೈದು ಸಲಕ್ಕಿಂತ ಜಾಸ್ತಿ ಭೇದಿ ಆದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಬೇಕು.

ಲಕ್ಷ್ಮಣ ಫಲದ ಎಲೆ ಕುದಿಸಿ ಕೊಡಿ ಅಂತ ಎಷ್ಟೋ ಜನ ಹೇಳಿದರು, ತಂದೂ ಕೊಟ್ಟರು. ಪ್ರೀತಿಯಿಂದಲೇ ತಂದದ್ದು. ಆದರೆ ಅದರಿಂದ ಕ್ಯಾನ್ಸರ್ ಗುಣವಾಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಕೀಮೋ ನಡೆಯುವಾಗ ಡಾಕ್ಟರಿಗೆ ಹೇಳದೆ ಯಾವ ಕಷಾಯವನ್ನೂ ಕೊಡಬೇಡಿ.

ಕೀಮೋ ಎಲ್ಲಿ ಅನ್ನುವುದಕ್ಕೆ ಇನ್ನೊಂದು ದಾರಿ ಇದೆ. ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಕೀಮೋ ಕೊಡುವ ವ್ಯವಸ್ಥೆ ಇದೆ. ದೊಡ್ಡ ಕೇಂದ್ರದಲ್ಲಿ ಯೋಜನೆ ಬರೆಸಿಕೊಂಡು ಇಲ್ಲಿ ಮುಂದುವರಿಸಬಹುದಾ ಅಂತ ವಿಚಾರಿಸಿ. ಕೇರಳದಲ್ಲಿ 2024ರ ಆಗಸ್ಟ್‌ನಿಂದ ಕಾರುಣ್ಯ ಫಾರ್ಮಸಿಗಳಲ್ಲಿ ಕ್ಯಾನ್ಸರ್ ಔಷಧಿಯನ್ನು ಲಾಭವಿಲ್ಲದ ಬೆಲೆಗೆ ಕೊಡುವ ಕೌಂಟರ್ ಎಲ್ಲ ಜಿಲ್ಲೆಗಳಲ್ಲಿ ಶುರುವಾಗಿದೆ. ಮಂಗಳೂರಿನಲ್ಲಿ ಬರೆದ ಮಾತ್ರೆಯನ್ನೂ ಅಲ್ಲಿ ಕೇಳಿ ನೋಡಿ. ಕೀಮೋಗೆ ಮೊದಲಿನ ರಕ್ತ ಪರೀಕ್ಷೆಯನ್ನು ನಾವು ಹಿಂದಿನ ದಿನ ಬದಿಯಡ್ಕದಲ್ಲೇ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸುತ್ತಿದ್ದೆವು. ಬಿಳಿರಕ್ತಕಣ ಕಡಿಮೆ ಇದ್ದರೆ ಸುಮ್ನೆ ಅಷ್ಟು ದೂರ ಹೋಗಿ ವಾಪಸ್ ಬರುವುದು ತಪ್ಪುತ್ತದೆ.

ಸರ್ಜನ್ನನ್ನು ಆರಿಸುವಾಗ

ಕಟ್ಟಡ ನೋಡಬೇಡಿ. ಮೂರು ಪ್ರಶ್ನೆ ಕೇಳಿ. ಕರುಳಿನ ಕ್ಯಾನ್ಸರ್ ಆಪರೇಷನ್ ನೀವು ತಿಂಗಳಿಗೆ ಎಷ್ಟು ಮಾಡುತ್ತೀರಿ? ಸರ್ಜನ್, ಕೀಮೋ ಡಾಕ್ಟರ್, ರೇಡಿಯೇಶನ್ ಡಾಕ್ಟರ್ ಒಟ್ಟಿಗೆ ಕೂತು ಕೇಸು ನೋಡುವ ಟ್ಯೂಮರ್ ಬೋರ್ಡ್ ಇದೆಯಾ? ಹೊಟ್ಟೆಯ ಮೇಲೆ ಮಲದ ಚೀಲ ಹಾಕಬೇಕಾಗುತ್ತದಾ, ಹಾಕಿದರೆ ಸ್ವಲ್ಪ ದಿನಕ್ಕಾ, ಯಾವಾಗಲೂನಾ? ಆಪರೇಷನ್ ಆದ ಮೇಲೆ ಬರುವ ಬಯಾಪ್ಸಿ ರಿಪೋರ್ಟಿನಲ್ಲಿ ಕನಿಷ್ಠ 12 ಲಿಂಫ್ ಗ್ರಂಥಿ ನೋಡಿರಬೇಕು. ಇಲ್ಲದಿದ್ದರೆ ಸ್ಟೇಜು ಸರಿಯಾಗಿ ಹೇಳುವುದು ಕಷ್ಟ. ಗಡ್ಡೆಯ ತುಣುಕಿನ ಎಂ.ಎಂ.ಆರ್. ಪರೀಕ್ಷೆಯನ್ನೂ ಕೇಳಿ. ಯಾವ ಔಷಧಿ ಕೆಲಸ ಮಾಡುತ್ತದೆ, ಕಾಯಿಲೆ ವಂಶದಲ್ಲಿದೆಯಾ ಅನ್ನುವ ಎರಡಕ್ಕೂ ಅದು ಬೇಕು.

ಮನೆಯಲ್ಲಿ

ದೂರದಲ್ಲಿರುವ ಮಕ್ಕಳು ದುಡ್ಡು ಕಳಿಸುವುದು, ಹತ್ತಿರದವರು ಮೈಮುರಿದು ದುಡಿಯುವುದು, ಇದು ಎಲ್ಲ ಮನೆಯ ಹಂಚಿಕೆ. ನಮ್ಮದೂ ಹಾಗೇ ಶುರುವಾಯಿತು. ನಾಲ್ಕನೇ ಕೀಮೋ ಹೊತ್ತಿಗೆ ತಮ್ಮನ ಹೆಂಡತಿ ಸೋತು ಹೋಗಿದ್ದಳು. ಆಮೇಲೆ ಬದಲಾಯಿಸಿದೆವು. ಡ್ರಿಪ್ಪಿನ ದಿನಕ್ಕೆ ತಮ್ಮ, ಅದರ ಮುಂದಿನ ನಾಲ್ಕು ದಿನಕ್ಕೆ ನಾನು. ಕಷ್ಟ ಇರುವುದು ಆ ನಾಲ್ಕು ದಿನದಲ್ಲೇ. ವಿಮೆ, ಫೈಲು, ಔಷಧಿಯ ಲೆಕ್ಕ ನಾನು ಎಲ್ಲಿದ್ದರೂ ಮಾಡಬಹುದು, ಅದು ನನ್ನದು.

ಹೇಳಬೇಕಾ, ಬೇಡವಾ ಅನ್ನುವ ಪ್ರಶ್ನೆಗೆ ನನ್ನ ಅಭಿಪ್ರಾಯ ಗಟ್ಟಿ. ಹೇಳಿ. ಅಪ್ಪನಿಗೆ ಎರಡು ವಾರ "ಗಡ್ಡೆ" ಅಂತ ಮಾತ್ರ ಹೇಳಿದ್ದೆವು. ಅವರಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ನಮಗೋಸ್ಕರ ಇದ್ದರು.

ಇನ್ನೊಂದು ವಿಷಯದಲ್ಲಿ ಗಡಿಯ ಈಚೆ ಇರುವುದು ನಮ್ಮ ಪುಣ್ಯ. ಕೇರಳ 2008ರಲ್ಲೇ ಪ್ಯಾಲಿಯೇಟಿವ್ (ನೋವು, ತೊಂದರೆ ಕಡಿಮೆ ಮಾಡುವ ಆರೈಕೆಯ) ನೀತಿ ತಂದಿತು. ಪಂಚಾಯತಿನ ಪ್ಯಾಲಿಯೇಟಿವ್ ನರ್ಸ್ ಮನೆಗೇ ಬರುತ್ತಾರೆ. ಕೊನೆಯ ಹಂತದವರಿಗೆ ಮಾತ್ರ ಅಂತ ಜನ ತಿಳಿದುಕೊಂಡಿದ್ದಾರೆ, ಹಾಗಲ್ಲ. ನೋವು, ಗಾಯ, ಚೀಲ ಬದಲಾಯಿಸುವುದು, ವಾಂತಿ, ಎಲ್ಲಕ್ಕೂ ಸಹಾಯವಿದೆ. ಚಿಕಿತ್ಸೆ ಮಂಗಳೂರಿನಲ್ಲಾದರೂ ಇಲ್ಲಿ ಹೆಸರು ಬರೆಸಬಹುದು. ಆಶಾ ಕಾರ್ಯಕರ್ತೆಯ ಹತ್ತಿರ ಮೊದಲ ವಾರವೇ ಹೇಳಿ.

ನಮ್ಮ ಪರೀಕ್ಷೆ

ಅಪ್ಪನಿಗೆ ಐದು ತಿಂಗಳು ಮೂಲವ್ಯಾಧಿ ಅಂತ ಮುಲಾಮು, ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟಿದ್ದರು. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿದ್ದರೂ ಕಾರಣ ಹುಡುಕಲಿಲ್ಲ. ನಾವೂ ಕೇಳಲಿಲ್ಲ. ಆ ಐದು ತಿಂಗಳು ನನ್ನನ್ನು ಈಗಲೂ ಬಿಡುವುದಿಲ್ಲ.

ಅಪ್ಪನಿಗೋ ಅಮ್ಮನಿಗೋ ಕರುಳಿನ ಕ್ಯಾನ್ಸರ್ ಬಂದಿದ್ದರೆ ಮಕ್ಕಳು 40ಕ್ಕೆ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. ಮಲದಲ್ಲಿ ರಕ್ತ ನೋಡುವ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಆದರೆ ನಮ್ಮಂಥವರಿಗೆ ಕೊಲೊನೋಸ್ಕೋಪಿಯೇ ಒಳ್ಳೆಯದು. ಪಾಲಿಪ್ (ಕರುಳಿನ ಒಳಗೋಡೆಯ ಚಿಕ್ಕ ಗಂಟು) ಇದ್ದರೆ ಅಲ್ಲೇ ತೆಗೆಯುತ್ತಾರೆ. ನನಗೆ 42. ಕಳೆದ ತಿಂಗಳು ಮಂಗಳೂರಿನಲ್ಲಿ ಮಾಡಿಸಿದೆ, ಒಂದು ಚಿಕ್ಕ ಪಾಲಿಪ್ ತೆಗೆದರು. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬಂದೆ. ಅಪ್ಪ ಗೇಟಿನ ಹತ್ತಿರವೇ ನಿಂತಿದ್ದರು, ಚಪ್ಪಲಿ ಹಾಕಿಕೊಂಡು. ತಮ್ಮನಿಗೆ 38. ಅವನ ಹೆಸರನ್ನೂ ಬರೆಸಿದ್ದೇವೆ.